ಅಮ್ಮ ಹಾಡಿದ ಕಂಟ್ರಿ ಹಾಡು

ಕ್ಯಾರಲ್ಟನ್‌ನ ಹಳೆ ಸಾಮಾನಿನ ಅಂಗಡಿಯಲ್ಲಿ ಇವತ್ತು ಕಂಟ್ರಿ ಎಂಬ ಹಳ್ಳಿ ಸೊಗಡಿನ ಇಂಗ್ಲಿಷ್ ಹಾಡುಗಳ ಗಾಯಕಿಯೊಬ್ಬಳ ಆಲ್ಬಮ್ಮಿನ ಸಿ.ಡಿ. ಕಣ್ಣಿಗೆ ಬಿತ್ತು.

ನನ್ನ ಬಾಲ್ಯದಲ್ಲಿ ನಾವು ಕೇಟಿ ಎಂಬ ಊರಿನಲ್ಲಿದ್ದಾಗ ಅಮ್ಮ ಕಾರಿನಲ್ಲಿ ಅದನ್ನೇ ಹಾಕುತ್ತಿದ್ದಳು. ಇಂಗ್ಲಿಷ್ ಮಾತಾಡಲು ಅಳುಕುತ್ತಿದ್ದವಳು ಆ ಹಾಡುಗಳನ್ನು ಮಾತ್ರ ಸ್ಟೀರಿಂಗ್ ಮೇಲೆ ತಾಳ ಹಾಕುತ್ತಾ ಗಟ್ಟಿಯಾಗಿ ಹಾಡುತ್ತಿದ್ದಳು.

ಒಂದು ಸಂಜೆ ಮನೆಗೆ ಅಪ್ಪನ ಸ್ನೇಹಿತರು ಬಂದಿದ್ದರು.

"ನಿನ್ನ ಕಾರಿನ ಹಾಡು ಹಾಡೇ, ಎಲ್ಲರೂ ಕೇಳ್ಲಿ," ಎಂದರು ಅಪ್ಪ.

ಅಮ್ಮ ನಾಚುತ್ತಲೇ ಕಣ್ಣು ಮುಚ್ಚಿ ಹಾಡಿದಳು. ಅವಳ ಬೆನ್ನ ಹಿಂದೆ ನಿಂತ ಅಪ್ಪ ಬಾಯಿ ಸೊಟ್ಟ ಮಾಡಿ ಅವಳ ಉಚ್ಚಾರಣೆಯನ್ನು ಅಣಕಿಸಿದರು. ಅಂಕಲ್, ಆಂಟಿಯರೆಲ್ಲ ಬಿದ್ದು ಬಿದ್ದು ನಕ್ಕರು. ಅಮ್ಮ ಕಣ್ಣು ತೆರೆದು ಹಿಂದೆ ತಿರುಗಿ ನೋಡಿದಳು.

"ಊಟ ಬಡಿಸ್ತೀನಿ," ಎಂದು ಒಳಗೆ ಹೋದಳು. ಮತ್ತೆಂದೂ ಅವಳು ಹಾಡಲಿಲ್ಲ.

ಅಂಗಡಿಯಿಂದ ಹೊರಬಂದು ಅಮ್ಮನಿಗೆ ಫೋನ್ ಮಾಡಿ ಆ ಸಂಜೆಯ ಮಾತೆತ್ತಿದೆ.

"ಮೆತ್ತಗೆ ಮಾತಾಡು," ಎಂದಳು. "ನಿಮ್ಮಪ್ಪ ಇಲ್ಲೇ ಇದಾರೆ."