ನೀಲಿ ಪಟ್ಟಿಯ ಕೊರಡು

ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೆ ಕಚೇರಿಯ ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಬೇರೆ ಎಲ್ಲ ಕಡೆ ಅವನು ಹುಳದಣ್ಣ. ಮರ ಕೊಲ್ಲುವ ಹಸಿರು ಹುಳವೊಂದು ಹೊರಗಿನಿಂದ ಬಂದು ಸೇರಿಕೊಂಡಿದೆ, ಇವತ್ತಲ್ಲ ನಾಳೆ ನಿಮ್ಮ ಊರಿಗೂ ಬರುತ್ತೆ, ಅದು ಬರೋ ಮೊದಲೇ ತಯಾರಾಗಿ ಅಂತ ಊರೂರು ತಿರುಗಿ ಹೇಳುವುದು ಅವನ ಕೆಲಸ. ಹದಿನಾಲ್ಕು ವರ್ಷ ಅದನ್ನೇ ಹೇಳಿದ. ಎಷ್ಟು ಜನ ಕಿವಿಗೆ ಹಾಕಿಕೊಂಡರು ಅಂತ ಮಾತ್ರ ಕೇಳಬೇಡಿ, ನನಗೆ ಸಿಟ್ಟು ಬರುತ್ತೆ.

ಹುಳ ಅಂದರೆ ಎಷ್ಟು ದೊಡ್ಡದು ಅಂದುಕೊಂಡಿರಿ? ಅಕ್ಕಿಕಾಳಿಗಿಂತ ಒಂಚೂರು ಉದ್ದ, ಅಷ್ಟೇ. ನೋಡೋಕೆ ಚೆಂದ, ಗಾಜಿನ ಬಳೆಚೂರಿನ ಹಾಗೆ ಹೊಳೆಯುತ್ತೆ. ಅದರ ಮರಿ ತೊಗಟೆಯ ಕೆಳಗೆ ಹೊಕ್ಕು ಮರಕ್ಕೆ ಜೀವರಸ ಹರಿಯುವ ದಾರಿಯನ್ನೇ ತಿಂದು ಹಾಕುತ್ತೆ. ಬಲಿತ ಮೇಲೆ ತೊಗಟೆಯಲ್ಲಿ ಅರ್ಧಚಂದ್ರದಂಥ ಒಂದು ತೂತು ಕೊರೆದು ಹೊರಗೆ ಬರುತ್ತೆ. ಆ ತೂತು ನಮ್ಮ ಕಣ್ಣಿಗೆ ಬೀಳೋ ಹೊತ್ತಿಗೆ ಸಾಮಾನ್ಯವಾಗಿ ಮರದ ಕಥೆ ಮುಗಿದಿರುತ್ತೆ. ತಾನಾಗಿ ತುಂಬ ದೂರ ಹಾರುವ ಹುಳವೂ ಅಲ್ಲ. ಜನರೇ ಸೌದೆಯೊಳಗೆ ಕೂರಿಸಿಕೊಂಡು ಊರಿಂದ ಊರಿಗೆ ಒಯ್ಯುತ್ತಾರೆ. ಅದಕ್ಕೇ ಹುಳದಣ್ಣನ ಭಾಷಣದ ಮೊದಲ ಮಾತೂ ಕೊನೆಯ ಮಾತೂ ಒಂದೇ: "ಸೌದೆ ಸಾಗಿಸಬೇಡಿ."

ಬರೀ ಬಾಯಿಮಾತಿಗೆ ಯಾರು ಬಗ್ಗುತ್ತಾರೆ? ಹಾಗಾಗಿ ಹುಳ ತಿಂದ ಮೊಳದುದ್ದದ ಕೊರಡೊಂದು ಯಾವಾಗಲೂ ಅವನ ಚೀಲದಲ್ಲಿ ಇರುತ್ತಿತ್ತು. ಜನ ಅದನ್ನು ಕೈಗೆ ತಗೊಂಡು, ತಿರುಗಿಸಿ ಮುರುಗಿಸಿ ನೋಡುತ್ತಿದ್ದರು. ಅಂಥ ಕೊರಡನ್ನು ಎರಡು ದಿನ ಕಚೇರಿಯ ಓವನ್ನಿನಲ್ಲಿ ಕಾಯಿಸಬೇಕು, ಒಳಗಿದ್ದದ್ದೆಲ್ಲ ಸತ್ತ ಮೇಲೆ ತೊಗಟೆಯ ಒಂದು ಮಗ್ಗುಲಿಗೆ ನೀಲಿ ಪಟ್ಟಿ ಬಳಿಯಬೇಕು ಅನ್ನುವುದು ನಿಯಮ. ನೀಲಿ ಇದ್ದರೆ ಭಯವಿಲ್ಲ, ಎಲ್ಲಿಗೆ ಬೇಕಾದರೂ ಒಯ್ಯಬಹುದು. ಹುಳದಣ್ಣನ ಕೈ ಸ್ವಲ್ಪ ಚುರುಕು. ಬಣ್ಣ ಒಣಗೋವರೆಗೆ ಯಾರು ಕಾಯುತ್ತಾರೆ ಅಂತ ಮೊದಲು ಪಟ್ಟಿ ಬಳಿದು ಆಮೇಲೆ ಓವನ್ನಿಗೆ ಇಡುತ್ತಿದ್ದ. ಕಾಯುವುದೂ ಒಣಗುವುದೂ ಒಟ್ಟಿಗೇ ಆಗಿಬಿಡುತ್ತಿತ್ತು. ಇದರಲ್ಲೇನು ತಪ್ಪು ಅಂತ ಯಾರಿಗೂ ಅನಿಸಿರಲಿಲ್ಲ.

ಮೂರು ವರ್ಷದ ಹಿಂದೆ ಅಕ್ಕನ ಊರಿನಲ್ಲಿ ಸಭೆ ಇತ್ತು. ತಾಯಿ ಸತ್ತ ಮೇಲೆ ಅವನ ತಲೆ ಬಾಚಿ, ಮೂಗು ಒರೆಸಿ ಬೆಳೆಸಿದವಳೇ ಈ ಅಕ್ಕ. ಅವಳದು ಟೈಲರ್ ಅಂಗಡಿ. ಒಳಗೆ ಆರಡಿ ಜಾಗ, ಮೇಲೆ ತಗಡು. ಬೇಸಿಗೆಯಲ್ಲಿ ಒಳಗೆ ಕೂತರೆ ಮನುಷ್ಯ ಬೆಂದೇ ಹೋಗಬೇಕು. ಹಾಗಾಗಿ ಹೊಲಿಗೆ ಮಿಷನ್ನು ಇಪ್ಪತ್ತೈದು ವರ್ಷದಿಂದ ಬಾಗಿಲ ಮುಂದಿನ ಮರದ ಕೆಳಗೇ ಇತ್ತು. ಆ ಬೀದಿಯಲ್ಲಿ ನಲವತ್ತೊಂದು ಮರ, ಎಲ್ಲ ಒಂದೇ ಜಾತಿ, ಎಲ್ಲವೂ ಆ ಹುಳಕ್ಕೆ ಪ್ರಿಯವಾದವೇ. "ಅಕ್ಕನ ಬೀದಿ ಒಂದು ಉಳಿದರೆ ಸಾಕಪ್ಪ" ಅಂತ ಹುಳದಣ್ಣ ಎಷ್ಟೋ ಸಲ ಅಂದುಕೊಂಡಿದ್ದ.

ಸಭೆಯಲ್ಲಿ ಕೈ ಮುಗಿದು ಕೇಳಿದ. ಮರಗಳ ಪಟ್ಟಿ ಮಾಡಿ, ಗಟ್ಟಿಯಾಗಿರುವ ಮರಗಳಿಗೆ ಈಗಲೇ ಔಷಧಿ ಕೊಡಿಸಿ, ನಡುನಡುವೆ ಬೇರೆ ಜಾತಿಯ ಸಸಿ ನೆಡಿ ಅಂದ. ಪುರಸಭೆ ಅಧ್ಯಕ್ಷರು ಫೋನಿನಿಂದ ತಲೆ ಎತ್ತದೆ, "ಬಂದಾಗ ನೋಡ್ಕೊಳ್ಳೋಣ ಬಿಡ್ರಿ" ಅಂದರು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡೋ ಜಾತಿ! ಕೋಣನ ಮುಂದೆ ಕಿನ್ನರಿ ಬಾರಿಸಿದ್ದಾಯಿತು ಅಂತ ಹುಳದಣ್ಣ ಚೀಲ ಹೆಗಲಿಗೇರಿಸಿ ಅಕ್ಕನ ಅಂಗಡಿಗೆ ಬಂದ.

ಅಕ್ಕ ಕೊರಡು ನೋಡಿ ನಕ್ಕಳು. "ಊರಿಗೆಲ್ಲ ಸೌದೆ ತರಬೇಡಿ ಅಂತೀಯ, ನೀನೇ ಹೊತ್ಕೊಂಡು ಬಂದಿದ್ದೀಯಲ್ಲೋ! ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ."

"ಅಕ್ಕಾ, ನೀಲಿ ಪಟ್ಟಿ ನೋಡು. ಅದು ಸತ್ತಿರೋ ಕೊರಡು."

"ಹಾಗಾದ್ರೆ ಇಲ್ಲೇ ಬಿಟ್ಟು ಹೋಗು. ಗಾಳಿಗೆ ಬಾಗಿಲು ದಬದಬ ಅಂತ ಬಡ್ಕೊಳ್ಳುತ್ತೆ, ಅಡ್ಡ ಇಡೋಕೆ ಆಗುತ್ತೆ."

ಅಕ್ಕ ಬಾಯಿಬಿಟ್ಟು ಕೇಳೋದೇ ಅಪರೂಪ. ಕೊಟ್ಟು ಹೋದ.

ಈ ಬೇಸಿಗೆಯಲ್ಲಿ ಅಕ್ಕನ ಫೋನು ಬಂತು. "ಮರದ ನೆತ್ತಿ ಬೋಳಾಗ್ತಿದೆ ಕಣೋ. ಮಧ್ಯಾಹ್ನ ಮಿಷನ್ನಿನ ಮೇಲೆ ಬಿಸಿಲು ಬೀಳ್ತಿದೆ."

ಮಾರನೆಯ ದಿನವೇ ಬಂದ. ಅಂಗಡಿ ಮುಂದಿನ ಮರಕ್ಕೆ ಕೈ ಇಟ್ಟ. ಒಂದೆರಡಲ್ಲ, ಎದೆಯೆತ್ತರದಲ್ಲೇ ಹನ್ನೊಂದು ಅರ್ಧಚಂದ್ರ.

"ಬೀದಿಗೆ ಸೌದೆ ಮಾರೋಕೆ ಬರ್ತಿದ್ನಲ್ಲ, ಆ ಗಾಡಿಯವನದೇ ಕೆಲಸ" ಅಂದಳು ಅಕ್ಕ. "ನೀನು ಅವತ್ತು ಹೇಳಿದ್ದು ನನಗೆ ನೆನಪಿತ್ತು. ಎಲ್ಲರನ್ನೂ ಸೇರಿಸಿ, ಇನ್ನು ಈ ಬೀದಿಗೆ ಕಾಲಿಡಬೇಡ ಅಂತ ಓಡಿಸಿದ್ವಿ. ಅವನ ಹೆಂಡತಿ ಅತ್ತಳು. ಅಳಲಿ!"

ಹುಳದಣ್ಣ ಟಿಪ್ಪಣಿ ಪುಸ್ತಕ ಹಿಡಿದು ಬೀದಿಯುದ್ದಕ್ಕೂ ಮರ ಮರ ನೋಡುತ್ತ ಹೋದ. ಸೌದೆ ಗಾಡಿ ನಿಲ್ಲುತ್ತಿದ್ದುದು ಬೀದಿಯ ಕೊನೆಯಲ್ಲಿ. ಅಲ್ಲಿನ ಮರಗಳಿಗೆ ಈಗಷ್ಟೇ ಒಂದೋ ಎರಡೋ ತೂತು. ಅಂಗಡಿ ಹತ್ತಿರ ಬಂದಷ್ಟೂ ಹೆಚ್ಚು, ದಾಟಿ ಆಚೆ ಹೋದಷ್ಟೂ ಕಡಿಮೆ. ಹುಳ ಮೊದಲು ಇಳಿದದ್ದು ಅಕ್ಕನ ಮರಕ್ಕೇ. ಇದು ಹೇಗಾಯಿತು ಅಂತ ಅವನಿಗೆ ಬಗೆಹರಿಯಲಿಲ್ಲ.

ವಾಪಸು ಬಂದು ಅಂಗಡಿಯ ಮೆಟ್ಟಿಲ ಮೇಲೆ ಕೂತ. ಪಕ್ಕದಲ್ಲೇ ಬಾಗಿಲಿಗೆ ಅಡ್ಡವಾಗಿ ಆ ಕೊರಡು, ನೀಲಿ ಪಟ್ಟಿಯ ಮಗ್ಗುಲು ಗೋಡೆಗೆ ಅಂಟಿಕೊಂಡಿತ್ತು. ಸುಮ್ಮನೆ ಕೈಗೆತ್ತಿಕೊಂಡು ತಿರುಗಿಸಿದ.

ನೀಲಿ ಬಣ್ಣದ ನಟ್ಟನಡುವೆ ಮೂರು ಅರ್ಧಚಂದ್ರ. ಬಣ್ಣ ಬಳಿಯುವ ಮೊದಲಿನ ತೂತಾಗಿದ್ದರೆ ಅದರ ಒಳಗಂಚಿಗೂ ಬಣ್ಣ ಇಳಿದಿರಬೇಕಿತ್ತು. ಇಲ್ಲಿ ತೂತಿನೊಳಗೆ ಬರೀ ಮರದ ಬಣ್ಣ. ಹುಳಗಳು ಬಣ್ಣವನ್ನೇ ಕಚ್ಚಿ ಸೀಳಿಕೊಂಡು ಜೀವಂತ ಹೊರಗೆ ಬಂದಿದ್ದವು.

ಆಗ ನೆನಪಾಯಿತು. ಆ ವಾರ ಓವನ್ನಿನಲ್ಲಿ ಬೇರೆಯವರ ಮಾದರಿಗಳು ಇದ್ದವು. ಸಂಜೆ ಇಟ್ಟರಾಯಿತು ಅಂತ ಪಟ್ಟಿ ಬಳಿದು ಮೇಜಿನ ಮೇಲಿಟ್ಟಿದ್ದ. ಸಂಜೆ ಮರೆತ. ಸಭೆಯ ದಿನ ಬೆಳಗ್ಗೆ ಅವಸರ; ನೀಲಿ ಕಂಡಿತು, ಚೀಲಕ್ಕೆ ಹಾಕಿಕೊಂಡ. ಹದಿನಾಲ್ಕು ವರ್ಷ ಊರೂರಿಗೆ ಹೇಳಿದವನು, ತನ್ನ ಕೈಯಾರೆ, ಸಾಕಿದ ಅಕ್ಕನ ಬಾಗಿಲಿಗೆ ತಂದಿಟ್ಟಿದ್ದ.

"ಏನಾಯ್ತೋ? ಮುಖ ಯಾಕೆ ಹಾಗೆ ಮಾಡ್ಕೊಂಡೆ?"

"ಅಕ್ಕಾ, ಸೌದೆ ಗಾಡಿಯವನಲ್ಲ. ನಾನು." ಕೊರಡನ್ನು ಅವಳ ಮುಂದೆ ಹಿಡಿದು ಎಲ್ಲ ಹೇಳಿದ. ಹೇಳುತ್ತ ಹೇಳುತ್ತ ಅತ್ತೇಬಿಟ್ಟ, ಐವತ್ತು ದಾಟಿದ ಮನುಷ್ಯ.

ಅಕ್ಕ ಮೂರು ತೂತನ್ನೂ ಬೆರಳಲ್ಲಿ ಮುಟ್ಟಿ ನೋಡಿದಳು. "ಹೇಳೋದು ಶಾಸ್ತ್ರ..." ಅಂತ ಬಾಯಿಗೆ ಬಂದದ್ದು ಅರ್ಧಕ್ಕೇ ನಿಂತಿತು.

"ಔಷಧಿ?"

"ಬೀದಿ ಕೊನೆಯ ಐದಾರು ಮರಕ್ಕೆ ಹಾಕಬಹುದು. ಉಳಿಯುತ್ತೆ ಅಂತ ಹೇಳೋಕಾಗಲ್ಲ. ಇದಕ್ಕೆ ಇಲ್ಲ ಅಕ್ಕಾ. ಕಡಿಯಲೇಬೇಕು."

ಅಕ್ಕ ತಲೆ ಎತ್ತಿ ಮರದ ಬೋಳು ನೆತ್ತಿ ನೋಡಿದಳು. ಆಮೇಲೆ ಕೊರಡನ್ನು ಅವನ ಚೀಲಕ್ಕೆ ತುರುಕಿದಳು. "ಮೊದಲು ಆ ಗಾಡಿಯವನ ಮನೆಗೆ ಹೋಗು. ಇದನ್ನ ತೋರಿಸು. ನಾನೂ ಬರ್ತೀನಿ, ಓಡಿಸಿದವಳು ನಾನು."

"ಕಡಿಯೋ ಮರಕ್ಕೆ ಗುರುತು ಹಾಕಬೇಕು ಅಕ್ಕಾ, ಇವತ್ತೇ."

ಚೀಲದಿಂದ ಕೆಂಪು ಬಣ್ಣದ ಡಬ್ಬಿ ತೆಗೆದ, ಮುಚ್ಚಳ ಮಾತ್ರ ತೆಗೆಯಲಿಲ್ಲ. ಅಕ್ಕ ಎದ್ದು ಮಿಷನ್ನನ್ನು ಎರಡೂ ಕೈಯಿಂದ ಪಕ್ಕಕ್ಕೆ ಎಳೆದಳು. ಇಪ್ಪತ್ತೈದು ವರ್ಷದಲ್ಲಿ ಅದರ ಕಾಲು ನೆಲದಲ್ಲಿ ನಾಲ್ಕು ಗುಳಿ ಮಾಡಿತ್ತು.

"ಹಾಕು" ಅಂದಳು. "ನಂದರಿಂದಲೇ ಶುರು ಮಾಡು."