ಬೈಲುಗದ್ದೆಯ ಮಣ್ಣಿನ ಚೀಲ

ಇದನ್ನು ಬರೆಯಲು ಕೂತು, ಪೆನ್ನಿಗೆ ಮುಚ್ಚಳ ಹಾಕಿ ಎದ್ದದ್ದು ಎಷ್ಟು ಸಲವೋ. ಎಪ್ಪತ್ತು ದಾಟಿದೆ, ಇನ್ನು ಮುಂದಕ್ಕೆ ಹಾಕುವ ಹಾಗಿಲ್ಲ. ಕಳೆದ ತಿಂಗಳು ಮಣ್ಣು ಪರೀಕ್ಷೆಗೆಂದು ಬಂದ ಹುಡುಗಿಯೊಬ್ಬಳು ನಮ್ಮ ಜಗಲಿಯಲ್ಲಿ ಒಂದು ಸಣ್ಣ ಚೀಲ ಇಟ್ಟಳು. ಕೋರಾ ಬಟ್ಟೆ, ಬಾಯಿಗೆ ದಾರ, ದಾರದಲ್ಲಿ ನಂಬರಿನ ಚೀಟಿ. ಆ ಹೊಸ ಬಟ್ಟೆಯ ಗಂಜಿ ವಾಸನೆ ಮೂಗಿಗೆ ಬಡಿದದ್ದೇ, ಇಪ್ಪತ್ತು ವರ್ಷಗಳ ಹಿಂದೆ ಇಂಥದ್ದೇ ಚೀಲಗಳನ್ನು ನನ್ನ ತಲೆಗೆ ಹೊರಿಸಿದ ಮನುಷ್ಯ ಎದುರು ಬಂದು ನಿಂತ ಹಾಗಾಯಿತು...

ನಾವು ಅವರನ್ನು ಮಣ್ಣಿನ ಸಾರ್ ಎನ್ನುತ್ತಿದ್ದೆವು. ಬಿಜಾಪುರದ ಕಡೆಯವರು. ಮೂಡಬಿದ್ರೆಯಲ್ಲಿ ಕೋಣೆ ಮಾಡಿಕೊಂಡು, ಬೆಳಗಿನ ಬಸ್ಸಿನಲ್ಲಿ ವೇಣೂರಿಗೆ ಬಂದು ಇಳಿಯುತ್ತಿದ್ದರು. ಕೈಯಲ್ಲಿ ಮಣ್ಣು ಕೊರೆಯುವ ಬೈರಿಗೆ, ಬಗಲಲ್ಲಿ ಮಣ್ಣಿಗೆ ಹೋಲಿಸಿ ನೋಡುವ ಬಣ್ಣಗಳ ಪುಸ್ತಕ, ಕೊರಳಲ್ಲಿ ಒಂದು ಜಿಪಿಎಸ್ ಪೆಟ್ಟಿಗೆ. ಗುಡ್ಡೆಯ ದಾರಿ ತೋರಿಸಲು, ಚೀಲ ಹೊರಲು ನಾನು ಜೊತೆಗೆ ಹೋಗುತ್ತಿದ್ದೆ.

ಬಸ್ ಸ್ಟ್ಯಾಂಡಿನ ಹೋಟೆಲಿನ ಬ್ಯಾರಿ ಸಾಹುಕಾರರು ಆ ಪುಸ್ತಕ ನೋಡಿ, "ಓ ಸಾರೇ, ನಮ್ಮ ಗುಡ್ಡೆಗೆ ಯಾವ ಪೈಂಟ್ ಹೊಡೀಲಿಕ್ಕೆ ಉಂಟು?" ಎಂದು ಕೆಣಕಿದರು.

"ನಿಮ್ಮ ಚಾದ ಬಣ್ಣಾನೂ ಇದರಾಗ ಐತ್ರಿ ಸಾವ್ಕಾರ, ಹುಡುಕಿ ಕೊಡಲೇನು?" ಎಂದರು ಅವರು. ಎಲ್ಲರೂ ನಕ್ಕರು.

ಅವರು ಆಚೆ ಹೋದ ಮೇಲೆ ಸಾಹುಕಾರರು ದನಿ ತಗ್ಗಿಸಿದರು. "ನಗಾಡ್ತಾನೆ ಅಂತ ನಂಬಬೇಡ ಮಾರಾಯ. ಆ ಪೆಟ್ಟಿಗೆ ಆಕಾಶದಿಂದ ಜಾಗ ಅಳೆಯುದು. ಒಳ್ಳೆ ಮಣ್ಣು ಅಂತ ಬರೆದುಕೊಂಡ್ರೆ ನಿನ್ನ ಬೈಲು ಹೋಯ್ತು."

ಅದು ನನ್ನ ತಲೆಯೊಳಗೆ ಕೂತುಬಿಟ್ಟಿತು. ಆ ಬೈಲುಗದ್ದೆ ಅಪ್ಪ ಗೇಣಿ ಮಾಡುತ್ತಿದ್ದದ್ದು. ಭೂಸುಧಾರಣೆ ಬಂದಾಗ ಡಿಕ್ಲರೇಶನ್ ಕೊಟ್ಟು, ವರ್ಷಗಟ್ಟಲೆ ಬೆಳ್ತಂಗಡಿಗೆ ಅಲೆದು ನಮ್ಮದಾದದ್ದು. ಕಾಗದದಿಂದ ಬಂದದ್ದು ಕಾಗದದಿಂದಲೇ ಹೋಗಬಹುದೆಂಬ ಹೆದರಿಕೆ ನಮ್ಮ ಮನೆಯಲ್ಲಿ ಯಾವಾಗಲೂ ಇತ್ತು. ಇವರು ಯಾರ ಕಡೆಯವರು, ಸಂಜೆ ಕೋಣೆಯಲ್ಲಿ ಯಾರಿಗೆ ಫೋನ್ ಮಾಡುತ್ತಾರೆ, ನನ್ನ ಹತ್ತಿರ ಯಾಕೆ ಇಷ್ಟು ಚೆನ್ನಾಗಿ ಮಾತಾಡುತ್ತಾರೆ... ಪ್ರತಿಯೊಂದೂ ಅನುಮಾನವೇ.

ನಮ್ಮ ಗದ್ದೆಯಲ್ಲಿ ಕೊರೆದ ದಿನ ಅವರು ಮಣ್ಣಿಗೆ ನೀರು ತಾಗಿಸಿ, ಹೆಬ್ಬೆರಳಲ್ಲಿ ತೀಡಿ ಉದ್ದನೆಯ ಪಟ್ಟಿ ಮಾಡಿದರು. "ನೋಡ್ರಿ ಅಣ್ಣಾರ, ಹರೀಲೇ ಇಲ್ಲ. ಎಂಥಾ ಎರಿಮಣ್ಣು! ಇದೊಂದು ಚೀಲಾ ಹೋದ್ರ ಸಾಕು, ಸುತ್ತಿನ ಇಂಥಾ ಜಾಗಕ್ಕೆಲ್ಲಾ ಕಂಪ್ಯೂಟರ್ ಲೆಕ್ಕಾ ಹಾಕತೈತಿ. ನಾಳೆ ಯಾರರ ಇಲ್ಲಿ ಫ್ಯಾಕ್ಟರಿ ಕಟ್ಟತೀನಿ ಅಂದ್ರ, ಇದು ಅನ್ನದ ಭೂಮಿ ಅಂತ ನಕಾಶೆನ ಹೇಳತೈತಿ."

ಅನುಮಾನದವನಿಗೆ ಇಂಥ ಸಿಹಿ ಮಾತು ಕೇಳಿದರೆ ಇನ್ನಷ್ಟು ಅನುಮಾನ. ಮಧ್ಯಾಹ್ನ ಅವರು ನಮ್ಮ ಮನೆಯ ಒಳಗೆ ಊಟಕ್ಕೆ ಕೂತಿದ್ದರು. ನನ್ನ ಹೆಂಡತಿ ಬಡಿಸುತ್ತಿದ್ದಳು. ಚೀಲ ಜಗಲಿಯಲ್ಲಿತ್ತು. ನಾನು ಅದನ್ನು ತೆಂಗಿನ ಬುಡಕ್ಕೆ ಸುರಿದು, ಹಿತ್ತಲಿನ ಕಲ್ಲಿನ ಕೋರೆಯಿಂದ ಏನೂ ಬೆಳೆಯದ ಕೆಂಪು ಮುರಕಲ್ಲಿನ ಪುಡಿ ತುಂಬಿಸಿ, ಅದೇ ದಾರ, ಅದೇ ಚೀಟಿ ಕಟ್ಟಿದೆ. ಒಳಗಿನಿಂದ "ಅಕ್ಕಾರ, ಸಾರು ಭಾಳ ಚಲೋ ಆಗೈತ್ರಿ" ಎನ್ನುವುದು ಕೇಳುತ್ತಿತ್ತು.

ಆಟಿ ತಿಂಗಳ ಮಳೆಯಲ್ಲಿ ಜೀಪು ಬಂತು. ಮಣ್ಣಿನ ಸಾರ್ ಜೊತೆ ಅವರ ಮೇಲಧಿಕಾರಿ ಕೊಡೆ ಹಿಡಿದು ಗದ್ದೆಯ ಅಂಚಿನಲ್ಲಿ ನಿಂತರು. ಸಾರ್ ಬರೆದ ಟಿಪ್ಪಣಿಯಲ್ಲಿ ಜೇಡಿಮಣ್ಣು ಎಂದಿದೆ, ಚೀಲದಲ್ಲಿ ಕಲ್ಲುಪುಡಿ ಬಂದಿದೆ. ಇವರು ಜಾಗಕ್ಕೆ ಬಾರದೆ ಕೋಣೆಯಲ್ಲೇ ಕೂತು ಬರೆದಿದ್ದಾರೆ ಎನ್ನುವುದು ಆರೋಪ.

"ನೀನು ಜೊತೆಗಿದ್ದವನಲ್ಲ? ಇಲ್ಲಿ ಕೊರೆದಿದ್ದಾರಾ?" ಎಂದು ಅಧಿಕಾರಿ ನನ್ನನ್ನು ಕೇಳಿದರು.

"ಸರಿ ನೆನಪಿಲ್ಲ ಸಾರ್. ಸುಮಾರು ಕಡೆ ಹೋಗಿದ್ದೇವೆ," ಎಂದೆ.

ಮಣ್ಣಿನ ಸಾರ್ ಸಿಟ್ಟಾಗಲಿಲ್ಲ. ಪ್ಯಾಂಟು ಮಡಚಿದರು. "ನೆನಪು ಬ್ಯಾಡ್ರಿ. ಬೈರಿಗಿ ಐತಿ, ಈಗ ಇಳದು ತಗದು ತೋರಸ್ತೀನಿ. ಎರಡು ನಿಮಿಷದ ಕೆಲಸ."

ಅವರು ಇಳಿದಿದ್ದರೆ ಎಲ್ಲ ಮುಗಿಯುತ್ತಿತ್ತು. ನಾನು ಅಡ್ಡ ನಿಂತೆ. "ನಿನ್ನೆಯಷ್ಟೇ ಭತ್ತದ ನೇಜಿ ನೆಟ್ಟದ್ದು ಸಾರ್. ತುಳಿದ್ರೆ ಹಾಳಾಗ್ತದೆ."

ಅವರು ನೀರಿನ ಮೇಲೆ ಎತ್ತಿದ್ದ ಕಾಲನ್ನು ಹಿಂದಕ್ಕೆ ತೆಗೆದುಕೊಂಡರು. "ಹೌದ್ರಿ... ಬೆಳಿ ತುಳೀಬಾರದು," ಎಂದು ನನ್ನನ್ನೇ ನೋಡಿದರು. ಆಗ ಅವರಿಗೆ ಗೊತ್ತಾಯಿತೆಂದೇ ನನ್ನ ನಂಬಿಕೆ. ಗೊತ್ತಾಗಿಯೂ ಬೈರಿಗೆ ಎತ್ತಿಕೊಂಡು ಜೀಪಿನ ಕಡೆಗೆ ನಡೆದರು. ಅವರದು ಕಾಂಟ್ರಾಕ್ಟಿನ ಕೆಲಸ, ಆ ವಾರವೇ ಕೆಲಸದಿಂದ ತೆಗೆದರಂತೆ. ಬರಹ ಸುಳ್ಳು, ಚೀಲವೇ ನಿಜ ಎಂದಾಯಿತು. ಒಂದೆರಡು ತಿಂಗಳು ಬಿಟ್ಟು ಮೂಡಬಿದ್ರೆಗೆ ಹೋಗಿ ಕೋಣೆಯ ಯಜಮಾನರಿಂದ ಅವರ ಊರಿನ ವಿಳಾಸ ತಂದೆ. ಕಾಗದ ಬರೆಯಲಿಲ್ಲ. ಆ ವಿಳಾಸದ ಚೀಟಿಯೂ ಈಗ ಇಲ್ಲ.

ಕಳೆದ ತಿಂಗಳು ಬಂದ ಆ ಹುಡುಗಿ ಮೊಬೈಲಿನಲ್ಲಿ ನಕಾಶೆ ತೆರೆದು ತೋರಿಸಿದಳು. "ಅಜ್ಜ, ನಿಮ್ಮ ಬೈಲು ಪೂರಾ ಮುರಕಲ್ಲು ಅಂತ ಬರ್ತದೆ. ಹೊಳೆಯ ಆಚೆಯ ಬೈಲುಗಳೂ ಹಾಗೇ. ಇಲ್ಲಿ ನೋಡಿದ್ರೆ ನನ್ನ ಕಾಲೇ ಹೂತುಹೋಗ್ತದೆ!"

"ಆಚೆಯದ್ದು ಹೇಗೆ ಹಾಗಾಯ್ತು ಮಗಾ?"

"ಅಲ್ಲಿ ಯಾರೂ ಅಗೆದಿಲ್ಲ. ಇಲ್ಲಿಯ ಹಳೇ ಸ್ಯಾಂಪಲ್ ನೋಡಿ ಕಂಪ್ಯೂಟರ್ ಹೇಳಿದ್ದು. ಇನ್ನು ಮುಂದೆ ಗೊಬ್ಬರಕ್ಕೂ, ಜಾಗ ಬೇರೆ ಕೆಲಸಕ್ಕೆ ಕೊಡ್ಲಿಕ್ಕೂ ಇದನ್ನೇ ನೋಡುದಂತೆ."

ನಾನು ತುಂಬಿಸಿದ ಒಂದು ಚೀಲ ಹೊಳೆ ದಾಟಿ, ನಾನು ಮುಖ ನೋಡದವರ ಗದ್ದೆಗಳನ್ನೂ ಕಲ್ಲು ಮಾಡಿತ್ತು. ಆ ನಕಾಶೆಯ ಮೇಲೆ ಈಗಲೂ ನನಗೆ ಅನುಮಾನವೇ. ಅದರೊಳಗೆ ನನ್ನಂಥವರು ಇನ್ನೆಷ್ಟು ಜನ ಇದ್ದಾರೋ.

ಹಾರೆ ತೆಗೆದುಕೊಂಡು ಹೋಗಿ ಅವರು ಕೊರೆದ ಜಾಗದಲ್ಲೇ ಅಗೆದೆ. ಚೀಲ ತುಂಬಿಸಿ, ದಾರ ಕಟ್ಟಿ, ಅವಳಿಗೆ ಎಲ್ಲ ಹೇಳಿದೆ. ಅವಳು ಪೆನ್ನು ತೆಗೆದು ಚೀಲದ ಚೀಟಿಯನ್ನು ಕೈಗೆ ತೆಗೆದುಕೊಂಡಳು. ಆಮೇಲೆ, "ಹಳೇದು ತಪ್ಪು ಅಂತ ಬರೀಲಿಕ್ಕೆ ಉಂಟು ಅಜ್ಜ. ತೆಗೆದವರು ಯಾರು?" ಎಂದಳು.

"ತೆಗೆದವರು ಸರಿಯಾಗಿಯೇ ತೆಗೆದಿದ್ದರು. ಅದನ್ನೂ ಬರೆ."

"ಹೆಸರು?"

ಅವರು ಬದುಕಿದ್ದಾರೋ ಇಲ್ಲವೋ ಗೊತ್ತಿಲ್ಲ. ಇಪ್ಪತ್ತು ವರ್ಷ ನನ್ನ ಬಾಯಿಂದ ಹೊರಡದ ಹೆಸರು. ಅವಳ ಕೈಯಿಂದ ಪೆನ್ನು ತೆಗೆದುಕೊಂಡು ಚೀಟಿಯ ಮೇಲೆ ನಾನೇ ಬರೆದೆ... ಸಂಗಪ್ಪ.