ಬರಿದೇ ತಂದ ಪೆಟ್ಟಿಗೆ

ಹೊಸ ಕ್ಯಾಬಿನೆಟ್ ತಂದ ದಿನವೇ ನಮ್ಮ ಕಂಪ್ಯೂಟರಿಗೆ ಶನಿ ಹಿಡಿಯಿತು. ಈಗ ಹೀಗೆ ಸಲೀಸಾಗಿ ಹೇಳುತ್ತೇನೆ. ಆಗ ಯಾರಾದರೂ ನನ್ನೆದುರು ಶನಿ ಗಿನಿ ಅಂದಿದ್ದರೆ ಅವರ ಜನ್ಮ ಜಾಲಾಡಿಬಿಡುತ್ತಿದ್ದೆ.

ನನ್ನ ಅಂಗಡಿ ಎಂದರೆ ಗಜೇಂದ್ರಗಡದಲ್ಲಿ ನಮ್ಮ ಮನೆಯ ಮುಂದಿನ ಕೋಣೆ. ರೋಣದ ಬಸ್ಸು ಅದರ ಕಿಟಕಿಗೆ ಅಂಟಿಕೊಂಡಂತೆ ಹಾಯುತ್ತದೆ. ನನ್ನ ಗಂಡ ಅಲ್ಲಿ ಕೂತು ಲಗ್ನಪತ್ರಿಕೆ, ಅರ್ಜಿ, ಬ್ಯಾನರು ಟೈಪ್ ಮಾಡಿಕೊಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಅದೇ ಕುರ್ಚಿಯಲ್ಲಿ ನಾನು ಕೂತೆ. ಕೋಣೆ ಇದ್ದದ್ದು ಅತ್ತೆಯ ಹೆಸರಿನಲ್ಲಿ. ನರಗುಂದದಲ್ಲಿ ಬೀಜ ಗೊಬ್ಬರದ ವ್ಯಾಪಾರ ಮಾಡುವ ಮೈದುನನಿಗೆ ನಮ್ಮೂರಿನಲ್ಲೂ ಒಂದು ಮಳಿಗೆ ಬೇಕಾಗಿತ್ತು. ಬಂದಾಗೊಮ್ಮೆ ಚಹಾ ಕುಡಿಯುತ್ತ ಅದೇ ಮಾತು: "ಅಂಗಡಿ ನಡೀಲಿಕ್ಕತ್ತಿದ್ರ ನಡಸ್ರಿ ವೈನಿ, ನಾ ಬ್ಯಾಡ ಅನ್ನಂಗಿಲ್ಲ. ನಿಂತ್ರ ಮಾತ್ರ ಖೋಲಿ ನನಗ ಬಿಟ್ಟಕೊಡ್ರಿ." ಅತ್ತೆ ಹ್ಞೂಂ ಅನ್ನುತ್ತಿರಲಿಲ್ಲ, ಉಹ್ಞೂಂ ಅನ್ನುತ್ತಿರಲಿಲ್ಲ. ನನ್ನ ಅಂಗಡಿಯ ಬಗ್ಗೆ ಅವರ ಬಾಯಿಂದ ಒಂದು ಒಳ್ಳೆಯ ಮಾತು ಬಿದ್ದದ್ದನ್ನು ನಾನು ಕೇಳಿರಲಿಲ್ಲ. ಮಗನ ಕೋಣೆ ಇನ್ನೊಬ್ಬ ಮಗನಿಗೆ ಹೋಗಲಿ ಎಂದೇ ಅವರ ಮನಸ್ಸಿನಲ್ಲಿದೆ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ.

ಹಳೆಯ ಕ್ಯಾಬಿನೆಟ್ಟಿನಲ್ಲಿ, ಅಂದರೆ ಕಂಪ್ಯೂಟರಿನ ತಗಡಿನ ಪೆಟ್ಟಿಗೆಯಲ್ಲಿ, ಇಲಿಗಳು ಸಂಸಾರ ಹೂಡಿ, ತಳವೆಲ್ಲ ತುಕ್ಕು ಹಿಡಿದು ಉದುರುತ್ತಿತ್ತು. ಒಳಗಿನ ಸಾಮಾನು ಮಾತ್ರ ಚೆನ್ನಾಗಿತ್ತು. ಖಾಲಿ ಕ್ಯಾಬಿನೆಟ್ ಒಂದನ್ನೇ ತಂದು, ಹಳೆಯದರ ಕರುಳೆಲ್ಲ ತೆಗೆದು ಹೊಸದಕ್ಕೆ ಕೂಡಿಸುವುದೆಂದು ಲೆಕ್ಕ ಹಾಕಿದೆ. ಅದನ್ನು ಎತ್ತಿಕೊಂಡು ಬಾಗಿಲಿಗೆ ಬಂದರೆ ಅತ್ತೆ ಹೊಸ್ತಿಲಲ್ಲೇ ತಡೆದರು.

"ಬರಿದ ತಂದೀಯೇನ? ಖಾಲಿ ಪೆಟಗಿ ಹೊಸ್ತಲಾ ದಾಟಬಾರದು, ಇಷ್ಟೂ ತಿಳೀದೇನ ನಿನಗ?"

ಹೊಸ ಕೊಡವಾಗಲಿ ಡಬ್ಬಿಯಾಗಲಿ, ಒಂದು ಹಿಡಿ ಜೋಳ ಹಾಕದೆ ನಮ್ಮ ಮನೆಗಳಲ್ಲಿ ಒಳಗೆ ತರುವುದಿಲ್ಲ. "ಇದು ಭಾಂಡೆ ಅಲ್ಲ ಅತ್ತಿ, ಕಂಪ್ಯೂಟರ್ದು," ಅಂದೆ. "ಪೆಟಗಿ ಅಂದಮ್ಯಾಲ ಪೆಟಗೀನ," ಅಂದರು. ವಾದ ಮಾಡುವ ತಾಳ್ಮೆ ನನಗಿರಲಿಲ್ಲ. ಎರಡೂ ಬದಿಯ ತಗಡು ಕೈಯಲ್ಲೇ ಜಾರಿಸಿ ತೆಗೆದು ಪೆಟ್ಟಿಗೆಯನ್ನು ಪಡಸಾಲೆಯಲ್ಲಿಟ್ಟು, ಸ್ಕ್ರೂಡ್ರೈವರ್ ಕೇಳಲು ಪಕ್ಕದ ಮನೆಗೆ ಹೋದೆ. ಬರುವಷ್ಟರಲ್ಲಿ ಅದರ ಹಣೆಗೆ ಕುಂಕುಮ ಹತ್ತಿತ್ತು, ಮದರ್‌ಬೋರ್ಡಿನ ಬೆನ್ನಿಗೆ ಬರುವ ಹಿಂಬದಿಯ ತಗಡೂ ಮುಚ್ಚಿತ್ತು. "ಬೆಕ್ಕ ಹೊಕ್ಕೀತಂತ ಮುಚ್ಚೀನಿ," ಅಂದರು ಅತ್ತೆ. ಆ ಬದಿಯಲ್ಲಿ ನನಗೇನೂ ಕೆಲಸವಿರಲಿಲ್ಲ. ಪೆಟ್ಟಿಗೆಯನ್ನು ಮಲಗಿಸಿ ಮದರ್‌ಬೋರ್ಡ್, ಡಿಸ್ಕು, ಫ್ಯಾನು ಎಲ್ಲ ನಾನೇ ಕೂಡಿಸಿದೆ. ಎಬ್ಬಿಸಿ ನಿಲ್ಲಿಸಿ ಗುಂಡಿ ಒತ್ತಿದರೆ ಒಂದೇ ಸಲಕ್ಕೆ ಚಾಲೂ ಆಯಿತು. ಗಂಡ ಹೋದ ಮೇಲೆ ನಾನು ಅಷ್ಟು ಹಿಗ್ಗಿದ್ದು ಅದೇ ಮೊದಲು.

ಮರುದಿನ ಪುರ್ತಗೇರಿಯಿಂದ ಒಬ್ಬ ಹಿರಿಯರು ಮಗಳ ಲಗ್ನಪತ್ರಿಕೆ ಮಾಡಿಸಲು ಬಂದರು. ನಮ್ಮ ಕಡೆಯ ಲಗ್ನಪತ್ರಿಕೆ ಎಂದರೆ ಅರ್ಧ ಊರಿನ ಹೆಸರು. ಸೋದರಮಾವನ ಹೆಸರು ಚಿಕ್ಕದಾದರೆ ಲಗ್ನವೇ ಮುರಿದೀತು. ಕಾಕಾಗಳೆಲ್ಲ ಮುಗಿದು ಮಾವಂದಿರ ಹತ್ತಿರ ಬಂದಾಗ ಪರದೆ ಇದ್ದಂತೆಯೇ ನಿಂತುಬಿಟ್ಟಿತು. ಮೌಸಿನ ಬಾಣ ಅಲುಗಲಿಲ್ಲ, ಕೀಲಿಮಣೆ ಸತ್ತಿತು. ಬಂದ್ ಮಾಡಿ ಹಚ್ಚಿ ಮತ್ತೆ ಮೊದಲಿನಿಂದ ಬರೆದೆ. ಬಸ್ಸೊಂದು ಹಾಯ್ದುಹೋಯಿತು, ಪರದೆ ಮತ್ತೆ ಕಲ್ಲಾಯಿತು. ಮೂರನೆಯ ಸಲ ಆ ಹಿರಿಯರು ರುಮಾಲು ಹೆಗಲಿಗೇರಿಸಿ ಎದ್ದರು. "ಅಪಶಕುನ ಆಗಾಕತ್ತೈತ್ರಿ ತಂಗಿ. ನಾ ಗದಗಿಗೇ ಹೊಕ್ಕೀನಿ," ಅಂದರು. ಬೈದಿದ್ದರೂ ತಡೆದುಕೊಳ್ಳುತ್ತಿದ್ದೆ.

ಆಮೇಲೆ ನಾನು ಮಾಡದ ಚಿಕಿತ್ಸೆ ಇಲ್ಲ. ರ‍್ಯಾಮ್ ಕಿತ್ತು ರಬ್ಬರಿನಿಂದ ಉಜ್ಜಿ ಹಾಕಿದೆ. ವೈರುಗಳನ್ನು ಬದಲಿಸಿದೆ. ವಿಂಡೋಸ್ ಅಳಿಸಿ ಹೊಸದಾಗಿ ಹಾಕಿದೆ. ಎರಡು ದಿನ ನೆಟ್ಟಗಿರುತ್ತಿತ್ತು, ಇನ್ನೇನು ಸರಿಹೋಯಿತು ಎಂದು ಉಸಿರು ಬಿಡುವಾಗ ನಿಲ್ಲುತ್ತಿತ್ತು. ಪೂರ್ತಿ ಕೆಟ್ಟುಹೋಗಿದ್ದರೆ ಅತ್ತು ಸುಮ್ಮನಾಗಬಹುದಿತ್ತು. ಅದು ಸಾಯಲೂ ಇಲ್ಲ, ಬದುಕಲೂ ಇಲ್ಲ.

ಕೊನೆಗೆ ಅದನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ರೋಣಕ್ಕೆ ಒಯ್ದೆ. ರಿಪೇರಿಯವನು ಪೆಟ್ಟಿಗೆಯನ್ನು ಮೇಜಿನ ಮೇಲೆ ಮಲಗಿಸಿ, ಮೇಲಿನ ತಗಡು ತೆಗೆದು, ಇಡೀ ದಿನ ಓಡಿಸಿದ. ಒಮ್ಮೆಯೂ ನಿಲ್ಲಲಿಲ್ಲ. "ಇದರಾಗ ಏನೂ ದೋಷ ಇಲ್ರಿ ಅಕ್ಕಾರ. ನಿಮ್ಮ ಮನಿ ಕರೆಂಟ್ ನೋಡಸ್ರಿ," ಅಂದ. ಮನೆಗೆ ಬಂದು ಅರ್ಥಿಂಗಿನ ಗುಂಡಿ ತೋಡಿಸಿ ಉಪ್ಪು, ಇದ್ದಿಲು ತುಂಬಿಸಿದೆ. ಪೆಟ್ಟಿಗೆಯನ್ನು ಅದರ ಜಾಗದಲ್ಲಿ ನಿಲ್ಲಿಸಿದೆ. ಸಂಜೆಯ ಬಸ್ಸಿಗೆ ಅದು ನಿಂತಿತು. ಮತ್ತೆ ರೋಣಕ್ಕೆ ಒಯ್ದೆ. ಮತ್ತೆ ಅವನ ಮೇಜಿನ ಮೇಲೆ ಅದು ಬಂಗಾರದಂಥ ಕೂಸು. ಅವನು ನನ್ನನ್ನು ನೋಡಿದ ನೋಟದಲ್ಲಿ ಕನಿಕರವಿತ್ತು, ಅದು ನನ್ನನ್ನು ಸುಟ್ಟಿತು.

ಅಷ್ಟರಲ್ಲಿ ಸುದ್ದಿ ಊರು ತಿರುಗಿತ್ತು. ಗಂಡ ಇದ್ದಾಗ ಚೆನ್ನಾಗಿತ್ತು, ಇವಳು ಕೈಯಾಡಿಸಿ ಕೆಡಿಸಿದಳು ಎಂದು. ಮೈದುನ ನಗುತ್ತಲೇ ಅಂದ: "ಕುಣೀಲಾರದಾಕಿ ನೆಲಾ ಡೊಂಕ ಅಂದ್ಲಂತ. ಕರೆಂಟಿಂದೇನ್ ತಪ್ಪೈತಿ ವೈನಿ?" ಯಾವ ಗಿರಾಕಿಯೂ ಬರದ ಕೋಣೆಯಲ್ಲಿ ಕೂತು ನಾನೂ ಅದನ್ನೇ ನಂಬತೊಡಗಿದ್ದೆ. ನನ್ನ ಕೈಯೇ ಸರಿಯಿಲ್ಲ, ನಾನು ಮುಟ್ಟಿದ್ದು ಯಾವುದೂ ಉಳಿಯುವುದಿಲ್ಲ ಅನ್ನಿಸುತ್ತಿತ್ತು.

ಯುಗಾದಿಯ ಮರುದಿನ ಮೈದುನನಿಗೆ ನಾನೇ ಸೋತು ಹೇಳಿದೆ: "ತಗೋರಿ, ಖೋಲಿ ನಿಮ್ದ." ಅತ್ತೆ ಜೋಳ ಹಸನು ಮಾಡುತ್ತಿದ್ದವರು ಮೊರವನ್ನು ಕೆಳಗಿಟ್ಟು ಎದ್ದು ಒಳಗೆ ಹೋದರು. ಅಂತೂ ಅವರ ಆಸೆ ಕೈಗೂಡಿತಲ್ಲ ಎಂದು ನಾನು ಹಲ್ಲು ಕಚ್ಚಿದೆ. ಅದೇ ವಾರ ಅಂಗಡಿಯ ಬೋರ್ಡು ಇಳಿಯಿತು. ಗೋಡೆಯಿಂದ ಗೋಡೆಗೆ ಗೊಬ್ಬರದ ಚೀಲಗಳು ಬಂದು ಬಿದ್ದವು. ಮುಂದಿನ ಬಾಗಿಲಿಗೆ ಮೈದುನನ ಕೀಲಿ ಬಿತ್ತು.

ಕಂಪ್ಯೂಟರನ್ನು ಪಡಸಾಲೆಗೆ ಎಳೆದುಕೊಂಡೆ. ಬಿಡಿಬಿಡಿಯಾಗಿ ಕೊಟ್ಟರೆ ರೋಣದವನು ತೆಗೆದುಕೊಳ್ಳುತ್ತೇನೆ ಅಂದಿದ್ದ. ಮದರ್‌ಬೋರ್ಡು ಬಿಚ್ಚುವ ಮೊದಲು, ಪೂರ್ತಿ ಖಾಲಿ ಮಾಡುವುದೇ ಇದೆಯಲ್ಲ ಎಂದು ಹಿಂಬದಿಯ ತಗಡನ್ನೂ ಜಾರಿಸಿದೆ. ಅಂದು ಅತ್ತೆ ಮುಚ್ಚಿದ ಮೇಲೆ ನಾನಾಗಲಿ ರೋಣದವನಾಗಲಿ ಬಿಚ್ಚದ ಬದಿ ಅದು. ನಾಲ್ಕಾರು ಜೋಳದ ಕಾಳು ನೆಲಕ್ಕೆ ಉದುರಿದವು. ಮೇಲಿನ ಸರಳಿಗೆ ಕಟ್ಟಿದ ಅರಿಸಿನದ ದಾರ, ಒಂದು ಅರಿಸಿನದ ಕೊಂಬು, ತುದಿಯಲ್ಲಿ ಒಂದು ತೂತಿನ ತಾಮ್ರದ ಕಾಸು. ಮೂಲೆಯಲ್ಲಿ ಸಿಕ್ಕಿಸಿಟ್ಟದ್ದು, ಪೆಟ್ಟಿಗೆ ಎಬ್ಬಿಸುವಾಗ ಜಾರಿ, ಮದರ್‌ಬೋರ್ಡಿನ ಬೆನ್ನಿಗೆ ಬಂದು ತೂಗಾಡುತ್ತಿತ್ತು. ಬಸ್ಸು ಹಾಯ್ದು ಮೇಜು ನಡುಗಿದರೆ ಸಾಕು, ಕಾಸು ಹೋಗಿ ಬೋರ್ಡಿಗೆ ತಾಗಿ ಶಾರ್ಟ್ ಆಗುತ್ತಿತ್ತು, ಪರದೆ ನಿಲ್ಲುತ್ತಿತ್ತು. ರೋಣದಲ್ಲಿ ಪೆಟ್ಟಿಗೆ ಮಲಗಿರುತ್ತಿತ್ತು, ಕಾಸು ಬೋರ್ಡಿನಿಂದ ದೂರ ಕೆಳಗಿನ ತಗಡಿನ ಮೇಲೆ ಬಿದ್ದಿರುತ್ತಿತ್ತು.

ಆ ಕಾಸನ್ನು ನಾನು ಬಲ್ಲೆ. ನನ್ನ ಗಂಡ ಕೂಸಾಗಿದ್ದಾಗ ಉಡದಾರಕ್ಕೆ ಕಟ್ಟಿದ್ದು. ನಾನು ಈ ಮನೆಗೆ ಬಂದ ಹೊಸದರಲ್ಲಿ ಅತ್ತೆ ಅದನ್ನು ದೇವರ ಜಗಲಿಯ ಮೇಲಿನ ಭರಣಿಯಿಂದ ತೆಗೆದು ತೋರಿಸಿದ್ದರು, ಮುಟ್ಟಲು ಮಾತ್ರ ಕೊಟ್ಟಿರಲಿಲ್ಲ. ಮೈದುನ ನರಗುಂದದಲ್ಲಿ ಅಂಗಡಿ ತೆರೆದಾಗ ಕೇಳಿದ್ದಕ್ಕೂ ಕೊಟ್ಟಿರಲಿಲ್ಲ. ನನ್ನ ಪೆಟ್ಟಿಗೆಗೆ ಕಟ್ಟಿದ್ದರು. ನಾನು ಅಲ್ಲೇ ನೆಲಕ್ಕೆ ಕೂತೆ.

ದಾರ ಬಿಚ್ಚಿ, ಪೆಟ್ಟಿಗೆ ನಿಲ್ಲಿಸಿ, ವೈರು ಸಿಕ್ಕಿಸಿದೆ. ಬೆಳಿಗ್ಗೆ ಹಚ್ಚಿದ್ದು ಸಂಜೆಯವರೆಗೆ ಓಡಿತು. ಬಸ್ಸುಗಳು ಹೋದವು, ಟ್ರ್ಯಾಕ್ಟರು ಹೋದವು, ಗೊಬ್ಬರದ ಲಾರಿ ಬಂದು ಚೀಲಗಳನ್ನು ಧಡಧಡ ಇಳಿಸಿತು. ಪರದೆ ಕದಲಲಿಲ್ಲ.

ಅತ್ತೆ ದೀಪ ಹಚ್ಚಲು ಬಂದವರು ಪರದೆ ನೋಡಿ ನಿಂತರು. "ಚಾಲೂ ಆತೇನ ಯವ್ವಾ? ನಿಂದರವಲ್ದಲ್ಲ?"

"ಇಲ್ಲತ್ತಿ. ಮುಂಜಾನಿಂದ ಒಮ್ಮೀನೂ ನಿಂತಿಲ್ಲ."

ಅವರು ಕೈಯಲ್ಲಿದ್ದ ಕಡ್ಡಿಪೆಟ್ಟಿಗೆ ಕೆಳಗಿಟ್ಟರು. ಆಮೇಲೆ ಸಣ್ಣ ದನಿಯಲ್ಲಿ, "ನಾ ಅದರಾಗ ಒಂದ ಕಟ್ಟಿದ್ದೆ. ನಿನಗ ಹೇಳಿದ್ರ ಬೈತಿದ್ದಿ. ಫಲ ಕೊಡಲಿಲ್ಲಂತ ದಿನಾ ದೇವರ ಮುಂದ ಅಳತಿದ್ದೆ," ಅಂದರು.

ಗೋಡೆಯಾಚೆ ಮೈದುನ ಚೀಲ ಎಣಿಸುತ್ತಿದ್ದ ದನಿ ಕೇಳುತ್ತಿತ್ತು. ನಾನು ಹೇಳಿದೆ: "ಕೊಟ್ಟೈತಿ ಅತ್ತಿ. ಸ್ವಲ್ಪ ತಡಾ ಆತು."

ಅವರ ಮುಖ ಅರಳಿತು. "ಹಂಗಾರ ಅದನ್ನ ಎಂದೂ ಬಿಚ್ಚಬ್ಯಾಡ ನೋಡ ಮತ್ತ," ಅಂದರು.

"ಇಲ್ಲತ್ತಿ," ಅಂದೆ. ಕಾಸು ಹಿಡಿದ ಮುಷ್ಟಿಯನ್ನು ಸೆರಗಿನೊಳಗೆ ಎಳೆದುಕೊಂಡೆ.